ಚೆನ್ನೈ ರಗ್ಬಿ: ಹೊಸಬರಿಗೊಂದು ಪೀಠಿಕೆ

2025ರ ಜೂನ್ 29, ಭಾನುವಾರ. ಮುಂಬೈನ ಅಂಧೇರಿ ಕ್ರೀಡಾಂಗಣದಲ್ಲಿ ಚೆನ್ನೈ ಬುಲ್ಸ್ ಎಂಬ ತಂಡ ಡೆಲ್ಲಿ ರೆಡ್ಜ್ ತಂಡವನ್ನು 41–0ರಿಂದ ಬಗ್ಗುಬಡಿದು ದೇಶದ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ಗೆದ್ದಿತು. ಸೋಮವಾರ ಶಾಲೆಗೆ ಹೋದರೆ ಸ್ಟಾಫ್ ರೂಮಿನಲ್ಲಿ ಅದೇ ಮಾತು. ಚೆನ್ನೈಗೆ ರಗ್ಬಿ ಯಾವಾಗ ಬಂತು? ಯಾರು ಆಡುತ್ತಾರೆ? ಅಷ್ಟು ಜನ ಒಬ್ಬನ ಮೇಲೆ ಬಿದ್ದರೂ ರೆಫ್ರಿ ಸುಮ್ಮನಿರುವುದೇಕೆ? ನಾನು ಈ ಊರಿನಲ್ಲಿ ನೆಲೆಸಿರುವ ಕನ್ನಡಿಗ, ಪಿ.ಟಿ. ಮೇಷ್ಟ್ರು. ಉತ್ತರ ಕೊಡುವ ಜವಾಬ್ದಾರಿ ಸಹಜವಾಗಿ ನನ್ನ ತಲೆಗೆ ಬಂತು. ಕಾಫಿ ವೇಳೆಯಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಮೊದಲೇ ಒಂದು ವಿಷಯ ತಿಳಿಸಿಬಿಡುತ್ತೇನೆ. ಗೆದ್ದ ಆ ತಂಡ ಚೆನ್ನೈಯಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಆ ವರ್ಷ ಆರೂ ತಂಡಗಳ ಎಲ್ಲ ಪಂದ್ಯಗಳು ಅಂಧೇರಿಯ ಒಂದೇ ಮೈದಾನದಲ್ಲಿ ನಡೆದವು. ಆದರೆ ಚೆನ್ನೈಗೆ ರಗ್ಬಿ ಬಂದದ್ದು ಇದು ಮದ್ರಾಸ್ ಆಗಿದ್ದಾಗಲೇ. ಹೆಸರು ಮಾತ್ರ ಇರುವ ತಂಡ ಒಂದು ಕಡೆ, ಹೆಸರು ಯಾರಿಗೂ ಗೊತ್ತಿಲ್ಲದೆ ಆಡಿಕೊಂಡು ಬಂದ ಕ್ಲಬ್ಬುಗಳು ಇನ್ನೊಂದು ಕಡೆ. ಇವೆರಡರ ನಡುವೆ ಏನಿದೆ ಎಂದು ತಿಳಿಯಬೇಕಾದರೆ ಮೊದಲು ಆಟ ಗೊತ್ತಿರಬೇಕು.

ಹೊಸಬರನ್ನು ಗಲಿಬಿಲಿಗೊಳಿಸುವ ನಿಯಮ ಒಂದೇ: ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೆ ಎಸೆಯಬಹುದು, ಹಿಂದಕ್ಕೆ ಎಸೆಯಬಹುದು. ಮುಂದೆ ಹೋಗಬೇಕಾದರೆ ಚೆಂಡು ಹಿಡಿದು ಓಡಬೇಕು, ಇಲ್ಲವೇ ಒದೆಯಬೇಕು. ಕೈತಪ್ಪಿ ಚೆಂಡು ಮುಂದಕ್ಕೆ ಬಿದ್ದರೂ ತಪ್ಪೇ. ಅದಕ್ಕೆ ನಾಕ್ ಆನ್ ಎನ್ನುತ್ತಾರೆ, ಆಟ ನಿಲ್ಲುತ್ತದೆ. ಈ ಒಂದು ಕಟ್ಟುಪಾಡಿನಿಂದ ಉಳಿದದ್ದೆಲ್ಲ ತಾನಾಗಿ ಹುಟ್ಟುತ್ತದೆ. ಚೆಂಡು ಹಿಡಿದವನೇ ತನ್ನ ತಂಡದಲ್ಲಿ ಎಲ್ಲರಿಗಿಂತ ಮುಂದಿರಬೇಕು. ಅವನಿಗೆ ನೆರವಾಗುವವರು ಅವನ ಹಿಂದೆ, ಸ್ವಲ್ಪ ಓರೆಯಾಗಿ ಸಾಲುಗಟ್ಟಿ ಓಡಿಬರಬೇಕು. ಎದುರಾಳಿಗಳು ಅಡ್ಡ ಸಾಲಿನಲ್ಲಿ ಗೋಡೆ ಕಟ್ಟಿ ನಿಲ್ಲುತ್ತಾರೆ. ಆ ಗೋಡೆಯಲ್ಲಿ ಎಲ್ಲಿ ಬಿರುಕಿದೆ ಎಂದು ಹುಡುಕುವುದೇ ಪಂದ್ಯದುದ್ದಕ್ಕೂ ನಡೆಯುವ ಕೆಲಸ.

ಪೂರ್ಣ ರೂಪದ ರಗ್ಬಿಯಲ್ಲಿ ಒಂದು ತಂಡಕ್ಕೆ 15 ಜನ, ಅವಧಿ ತಲಾ 40 ನಿಮಿಷದ ಎರಡು ಭಾಗ. ಎರಡು ಗೋಲು ಗೆರೆಗಳ ನಡುವೆ ಹೆಚ್ಚೆಂದರೆ 100 ಮೀಟರ್, ಅಗಲ ಹೆಚ್ಚೆಂದರೆ 70 ಮೀಟರ್. ಎದುರಾಳಿಯ ಗೆರೆ ದಾಟಿ ಚೆಂಡನ್ನು ಕೈಯಾರೆ ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಟ್ರೈ ಆದ ಮೇಲೆ ಹೆಚ್ ಆಕಾರದ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿನಿಂದ ಚೆಂಡು ಒದ್ದು ಹಾಯಿಸಿದರೆ ಇನ್ನೆರಡು. ಪೆನಾಲ್ಟಿ ಒದೆತಕ್ಕೆ 3, ಆಟ ನಡೆಯುತ್ತಿರುವಾಗಲೇ ಚೆಂಡು ನೆಲಕ್ಕೆ ತಾಗಿಸಿ ಒದೆಯುವ ಡ್ರಾಪ್ ಗೋಲಿಗೂ 3. ಗೆರೆ ದಾಟಿದ ಕೂಡಲೇ ಸಂಭ್ರಮಿಸಲು ಹೋಗಿ ಚೆಂಡನ್ನು ನೆಲಕ್ಕೆ ಒತ್ತುವುದನ್ನೇ ಮರೆಯುವ ಹುಡುಗರಿರುತ್ತಾರೆ. ಅಂಥವರಿಗೆ ಅಂಕವಿಲ್ಲ, ಜೊತೆಗಾರರ ಬೈಗುಳವಿದೆ.

ಇನ್ನು ಆ ‘ಒಬ್ಬನ ಮೇಲೆ ಅಷ್ಟು ಜನ’ ಬೀಳುವ ವಿಚಾರ. ಚೆಂಡು ಹಿಡಿದವನನ್ನು ಮಾತ್ರ ಹಿಡಿದು ಬೀಳಿಸಬಹುದು (ಇದಕ್ಕೆ ಟ್ಯಾಕಲ್ ಎನ್ನುತ್ತಾರೆ), ಚೆಂಡಿಲ್ಲದವನನ್ನು ಮುಟ್ಟುವಂತಿಲ್ಲ. ಹಿಡಿಯುವಾಗಲೂ ಭುಜದ ಗೆರೆಯ ಕೆಳಗೇ ಹಿಡಿಯಬೇಕು, ಕೈಗಳಿಂದ ತಬ್ಬಿರಬೇಕು. ಬರೀ ಭುಜದಿಂದ ಗುದ್ದುವುದು ತಪ್ಪು. ಕತ್ತಿನ ಮೇಲೆ ಕೈ ಹೋದರೆ ಪೆನಾಲ್ಟಿ, ಕೆಲವೊಮ್ಮೆ ಕಾರ್ಡು. ಹಳದಿ ಕಾರ್ಡಾದರೆ 10 ನಿಮಿಷ ಹೊರಗೆ, ಕೆಂಪಾದರೆ ಆಟಗಾರ ಹೊರಗೇ ಉಳಿಯಬೇಕು. ಕಬಡ್ಡಿ ನೋಡಿ ಬೆಳೆದ ನಮಗೆ ಇದು ತೀರ ಹೊಸದಲ್ಲ. ಕಾರ್ನರ್‌ನಲ್ಲಿ ನಿಂತವನು ರೈಡರ್‌ನ ತೊಡೆಗೆ ಕೈ ಹಾಕುವ ಗಳಿಗೆಯನ್ನು ನೆನಪಿಸಿಕೊಳ್ಳಿ. ತಗ್ಗಿದ ಸೊಂಟ, ನೆಟ್ಟ ಕಣ್ಣು, ಕಾಲಿನ ಬಲ ಎಲ್ಲವೂ ಅದೇ. ಕಬಡ್ಡಿಯಲ್ಲಿ ಹಿಡಿದ ಮೇಲೆ ಬಿಡಬಾರದು, ರಗ್ಬಿಯಲ್ಲಿ ಬೀಳಿಸಿದ ಮೇಲೆ ಬಿಡಲೇಬೇಕು. ವ್ಯತ್ಯಾಸ ಇಷ್ಟೇ, ಆದರೆ ಕಬಡ್ಡಿ ಆಡಿ ಬಂದ ಹುಡುಗರಿಗೆ ಕಲಿಸಲು ಅತಿ ಕಷ್ಟವಾಗುವುದೂ ಇದೇ.

ಟ್ಯಾಕಲ್ ಹೇಳಿಕೊಡುವುದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಮೊದಲು ಇಬ್ಬರೂ ಮೊಣಕಾಲೂರಿ ಎದುರುಬದುರು ಕೂರಬೇಕು. ಚೆಂಡು ಹಿಡಿದವನು ನಿಧಾನವಾಗಿ ಪಕ್ಕದಿಂದ ಸರಿದು ಹೋಗುತ್ತಾನೆ. ಹಿಡಿಯುವವನು ತನ್ನ ಭುಜವನ್ನು ಅವನ ತೊಡೆಗೆ ತಾಗಿಸಬೇಕು, ಕೆನ್ನೆ ಅವನ ಸೊಂಟದ ಹಿಂಬದಿಗೆ ಅಂಟಿರಬೇಕು. ತಲೆ ಎಲ್ಲಿರಬೇಕು ಎಂಬುದೇ ಇಲ್ಲಿ ಮುಖ್ಯ ಪಾಠ. ತಲೆ ಅವನ ಮುಂದೆ ಹೋದರೆ ಅವನು ಬೀಳುವುದು ನಿಮ್ಮ ಕತ್ತಿನ ಮೇಲೆ. ಹಿಂದೆ ಇದ್ದರೆ ನೀವು ಬೀಳುವುದು ಅವನ ಕಾಲಿನ ಮೇಲೆ, ಮೆತ್ತಗೆ. ಆಮೇಲೆ ಎರಡೂ ಕೈ ಸುತ್ತಿ, ಬೆರಳುಗಳನ್ನು ಬಿಗಿಹಿಡಿದು, ಕಾಲಿನಿಂದ ಒತ್ತಬೇಕು. ಮೊಣಕಾಲಿನಲ್ಲಿ ಸರಿಯಾಗಿ ಬಂದ ಮೇಲೆ ಕುಕ್ಕರಗಾಲಿನಲ್ಲಿ, ಆಮೇಲೆ ನಡೆದುಕೊಂಡು, ಕೊನೆಗೆ ಓಡಿಬಂದು. ಈ ಮೆಟ್ಟಿಲುಗಳಲ್ಲಿ ಒಂದನ್ನು ಹಾರಿಸಿದರೂ ಮಗು ಕಣ್ಣು ಮುಚ್ಚಿಕೊಂಡು ಟ್ಯಾಕಲ್ ಮಾಡಲು ಶುರುಮಾಡುತ್ತದೆ. ಕಣ್ಣು ಮುಚ್ಚಿದ ಟ್ಯಾಕಲ್‌ನಿಂದಲೇ ಪೆಟ್ಟಾಗುವುದು, ಜೋರಾದ ಟ್ಯಾಕಲ್‌ನಿಂದಲ್ಲ.

ಬಿದ್ದವನು ಚೆಂಡನ್ನು ತನ್ನ ತಂಡದ ಕಡೆಗೆ ಬಿಟ್ಟುಕೊಡಬೇಕು. ಬೀಳಿಸಿದವನು ಹೊರಳಿ ಪಕ್ಕಕ್ಕೆ ಸರಿಯಬೇಕು. ಅಷ್ಟರಲ್ಲಿ ಎರಡೂ ಕಡೆಯವರು ಬಂದು ಚೆಂಡಿನ ಮೇಲೆ ಬಾಗಿ ಒಬ್ಬರನ್ನೊಬ್ಬರು ತಳ್ಳುತ್ತಾರೆ, ಇದೇ ರಕ್. ಬರುವವರು ತಮ್ಮ ತಂಡದ ಹಿಂಬದಿಯಿಂದಲೇ ಬರಬೇಕು, ಕಾಲ ಮೇಲೆ ನಿಂತಿರಬೇಕು. ಟಿವಿಯಲ್ಲಿ ರಾಶಿಯಂತೆ ಕಾಣುವುದು ಇದೇ. ಅಲ್ಲಿ ಪ್ರತಿಯೊಬ್ಬನ ಕಾಲು, ಕೈ, ಬಂದ ದಿಕ್ಕು ಎಲ್ಲದಕ್ಕೂ ಲೆಕ್ಕವಿದೆ. ರೆಫ್ರಿ ಸುಮ್ಮನೆ ನಿಂತಿರುವುದಿಲ್ಲ, ಒಂದೇ ಸಮನೆ ಮಾತಾಡುತ್ತಿರುತ್ತಾರೆ. ಬಿಡಿ, ಸರಿಯಿರಿ, ಹಿಂದೆ ಹೋಗಿ ಎಂದು ಎಚ್ಚರಿಸುತ್ತಲೇ ಇರುತ್ತಾರೆ. ಅವರೊಡನೆ ತಿರುಗಿ ಮಾತಾಡುವ ಹಕ್ಕು ನಾಯಕನಿಗೆ ಮಾತ್ರ, ಅದೂ ‘ಸರ್’ ಎಂದೇ. ಫುಟ್‌ಬಾಲ್ ಮೈದಾನಗಳಲ್ಲಿ ಹನ್ನೊಂದೂ ಜನ ರೆಫ್ರಿಯನ್ನು ಸುತ್ತುವರಿಯುವುದನ್ನು ನೋಡಿ ಬೇಸತ್ತ ನನಗೆ ಈ ಒಂದು ಸಂಪ್ರದಾಯಕ್ಕಾಗಿಯೇ ಈ ಆಟ ಶಾಲೆಗಳಿಗೆ ಬರಲಿ ಅನ್ನಿಸುತ್ತದೆ.

ಸಣ್ಣ ತಪ್ಪುಗಳಾದಾಗ ಸ್ಕ್ರಮ್. ಎರಡೂ ಕಡೆಯ ಎಂಟೆಂಟು ಜನ ತೋಳು ಬೆಸೆದು, ತಲೆ ತಗ್ಗಿಸಿ, ಒಬ್ಬರಿಗೊಬ್ಬರು ಭುಜ ಕೊಟ್ಟು ತಳ್ಳುವ ಕ್ರಮ ಇದು. ಚೆಂಡು ಪಕ್ಕದ ಗೆರೆ ದಾಟಿ ಹೊರಹೋದರೆ ಲೈನ್‌ಔಟ್. ಎರಡು ಸಾಲು ನಿಲ್ಲುತ್ತವೆ, ಎಸೆದ ಚೆಂಡನ್ನು ಹಿಡಿಯಲು ಒಬ್ಬನನ್ನು ಇಬ್ಬರು ತೊಡೆ ಹಿಡಿದು ಮೇಲೆತ್ತುತ್ತಾರೆ. ಇವೆರಡರ ಒಳಮರ್ಮ ಪೂರ್ತಿ ತಿಳಿಯಬೇಕಾದರೆ ವರ್ಷಗಳು ಬೇಕು. ಹೊಸ ಪ್ರೇಕ್ಷಕರಿಗೆ ಸದ್ಯಕ್ಕೆ ಇಷ್ಟು ಸಾಕು.

ಪ್ರೀಮಿಯರ್ ಲೀಗ್ ನೋಡಿದವರು ಇಲ್ಲಿ ನನ್ನನ್ನು ತಡೆಯಬಹುದು: ‘ಅಲ್ಲಿ 15 ಜನ ಇರಲೇ ಇಲ್ಲವಲ್ಲ?’ ನಿಜ. ಅದು ಸೆವೆನ್ಸ್, ಏಳು ಜನರ ರಗ್ಬಿ. ಮೈದಾನ ಅಷ್ಟೇ ದೊಡ್ಡದು, ಆಟಗಾರರು ಅರ್ಧಕ್ಕಿಂತ ಕಡಿಮೆ, ಸಾಮಾನ್ಯವಾಗಿ ಅವಧಿ ತಲಾ 7 ನಿಮಿಷದ ಎರಡು ಭಾಗ. ಖಾಲಿ ಜಾಗ ಹೆಚ್ಚಿರುವುದರಿಂದ ಓಟಗಾರನಿಗೇ ಮೇಲುಗೈ. 1883ರಲ್ಲಿ ಸ್ಕಾಟ್‌ಲೆಂಡಿನ ಮೆಲ್‌ರೋಸ್ ಎಂಬ ಪುಟ್ಟ ಊರಿನ ಕ್ಲಬ್ಬು ಹಣ ಕೂಡಿಸಲು ಹೂಡಿದ ಉಪಾಯ ಇದು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಜಾಗ ಸಿಕ್ಕಿತು. ಪುರುಷರ ಚಿನ್ನ ಗೆದ್ದದ್ದು ಫಿಜಿ. ಆ ಪುಟ್ಟ ದ್ವೀಪದೇಶಕ್ಕೆ ಯಾವುದೇ ಆಟದಲ್ಲಿ ಅದೇ ಮೊದಲ ಒಲಿಂಪಿಕ್ ಪದಕ. ಒಲಿಂಪಿಕ್ಸ್‌ನ ಮುದ್ರೆ ಬಿದ್ದ ಮೇಲೆ ನಮ್ಮಲ್ಲೂ ಸೆವೆನ್ಸ್‌ಗೇ ಒತ್ತು ಬಂತು. ಪ್ರೀಮಿಯರ್ ಲೀಗಿನವರು ಅದನ್ನೂ ಕತ್ತರಿಸಿ 4 ನಿಮಿಷದ ನಾಲ್ಕು ಕ್ವಾರ್ಟರ್ ಮಾಡಿದರು. ಟಿವಿ ಜಾಹೀರಾತಿಗೆ ಅನುಕೂಲ, ಅಷ್ಟೆ. ಆಟಕ್ಕೆ ಅದರಿಂದ ಒಳ್ಳೆಯದಾಯಿತೆಂದು ನನಗನಿಸುವುದಿಲ್ಲ.

ಈಗ ಊರಿನ ಕಥೆಗೆ ಬರೋಣ. ಚೆನ್ನೈಯ ಅಣ್ಣಾ ಸಾಲೈಯಿಂದ ಕೋಟೆಯ ಕಡೆ ಹೋಗುವಾಗ ಕೂವಂ ನದಿಯ ಕವಲುಗಳ ನಡುವೆ ಒಂದು ದ್ವೀಪ ಸಿಗುತ್ತದೆ. ತಮಿಳರಿಗೆ ತೀವುತ್ತಿಡಲ್, ಇಂಗ್ಲಿಷಿನಲ್ಲಿ ಐಲ್ಯಾಂಡ್ ಗ್ರೌಂಡ್ಸ್. ಪೊಂಗಲ್ ಹೊತ್ತಿಗೆ ಅಲ್ಲಿ ಪ್ರವಾಸೋದ್ಯಮ ವಸ್ತುಪ್ರದರ್ಶನದ ಜಾತ್ರೆ. ರಿಕಾಪು ಇಲ್ಲದ ಕುದುರೆಯ ಮೇಲೆ ಕುಳಿತ ಥಾಮಸ್ ಮನ್ರೋನ ಪ್ರತಿಮೆಯೂ ಅಲ್ಲೇ ಇದೆ. ನಮ್ಮ ಬಳ್ಳಾರಿಯ ಕಡೆ ಕಂದಾಯ ನಿಗದಿ ಮಾಡಿದ ಅದೇ ಮನ್ರೋ. ಈ ದ್ವೀಪದಲ್ಲೇ 1884ರಲ್ಲಿ ಮದ್ರಾಸ್ ಜಿಮ್ಖಾನಾ ಕ್ಲಬ್ ಹುಟ್ಟಿತು. ಮದ್ರಾಸಿನ ಹಳೆಯ ರಗ್ಬಿಗೆ ನೆಲೆ ಈ ಕ್ಲಬ್ಬು. ಆಡಿದವರು ಬ್ರಿಟಿಷ್ ಅಧಿಕಾರಿಗಳು, ಸೈನಿಕರು, ವ್ಯಾಪಾರದ ಮನೆಗಳ ಗುಮಾಸ್ತರು. 1924ರಲ್ಲಿ ಅಖಿಲ ಭಾರತ ಪಂದ್ಯಾವಳಿ ಶುರುವಾದ ಮೇಲೆ ಕಲ್ಕತ್ತಾ, ಬೊಂಬಾಯಿ, ಮದ್ರಾಸಿನ ತಂಡಗಳ ಜೊತೆ ಸಿಲೋನಿನವರೂ ಬಂದು ಸೆಣಸುತ್ತಿದ್ದರು.

ಮದ್ರಾಸಿಗಿಂತ ಮೊದಲು ಕಲ್ಕತ್ತೆ. ಅದರ ಕಥೆ ಇಲ್ಲಿ ಹೇಳಲೇಬೇಕು, ಏಕೆಂದರೆ ಭಾರತದ ರಗ್ಬಿ ಕ್ಲಬ್ಬುಗಳ ಜಾತಕವೆಲ್ಲ ಅದರಲ್ಲಿದೆ. 1872ರ ಕ್ರಿಸ್‌ಮಸ್ ದಿನ ಅಲ್ಲೊಂದು ಪಂದ್ಯ ನಡೆಯಿತು. ಒಂದು ಕಡೆ ಇಂಗ್ಲೆಂಡಿನವರು, ಇನ್ನೊಂದು ಕಡೆ ಸ್ಕಾಟ್‌ಲೆಂಡ್, ಐರ್ಲೆಂಡ್, ವೇಲ್ಸ್‌ನವರು. ಉತ್ಸಾಹದಿಂದ ಒಂದು ಕ್ಲಬ್ಬೂ ಹುಟ್ಟಿತು. ನಾಲ್ಕೈದು ವರ್ಷಗಳಲ್ಲೇ ಸೊರಗಿತು. ಆಡುತ್ತಿದ್ದ ದಂಡಿನ ಪಡೆ ಬೇರೆ ಕಡೆಗೆ ಹೋಯಿತು, ಪೋಲೊ ಮತ್ತು ಟೆನಿಸ್ ಅಲ್ಲಿನ ಹವೆಗೆ ಹೆಚ್ಚು ಒಗ್ಗಿದವು. ಸದಸ್ಯರಿಗಿದ್ದ ಪುಕ್ಕಟೆ ಮದ್ಯ ನಿಂತದ್ದೂ ಒಂದು ಕಾರಣವಂತೆ. ನಂಬಲು ಕಷ್ಟವೇನಿಲ್ಲ. ಉಳಿದ ಹಣ ಏನು ಮಾಡುವುದು? ಬ್ಯಾಂಕಿನಿಂದ 270 ಬೆಳ್ಳಿಯ ರೂಪಾಯಿಗಳನ್ನು ತೆಗೆದು, ಕರಗಿಸಿ, ಒಂದು ಕಪ್ ಮಾಡಿಸಿದರು. ಹಿಡಿಗಳ ಜಾಗದಲ್ಲಿ ಮೂರು ನಾಗರಹಾವು, ಮುಚ್ಚಳದ ಮೇಲೊಂದು ಆನೆ. ಅದನ್ನು ಇಂಗ್ಲೆಂಡಿನ ರಗ್ಬಿ ಸಂಸ್ಥೆಗೆ ಕೊಟ್ಟುಬಿಟ್ಟರು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡ್ ಅದಕ್ಕಾಗಿ ಆಡುತ್ತಿವೆ. ಕಲ್ಕತ್ತಾ ಕಪ್ ಎಂದು ಜಗತ್ತೇ ಬಲ್ಲ ಟ್ರೋಫಿ ಅದು. (1988ರಲ್ಲಿ ಎರಡೂ ತಂಡಗಳ ಒಬ್ಬೊಬ್ಬ ಆಟಗಾರರು ಎಡಿನ್‌ಬರೋ ಬೀದಿಯಲ್ಲಿ ರಾತ್ರಿ ಅದನ್ನು ಅಡ್ಡಾಡಿಸಿ ನಜ್ಜುಗುಜ್ಜು ಮಾಡಿದ್ದೂ ಉಂಟು.) ನಮ್ಮ ದುಡ್ಡಿನ ಬೆಳ್ಳಿ ಕಪ್ ಆಗಿ ಅಲ್ಲಿಗೆ ಹೋಯಿತು. ನಮ್ಮ ನೆಲದಲ್ಲಿ ಆಟ ಬೇರೂರಲಿಲ್ಲ.

ಏಕೆ ಬೇರೂರಲಿಲ್ಲ ಎಂದು ಕೇಳಿದರೆ ಬಹಳ ಜನ ಬಿಸಿಲನ್ನು ದೂರುತ್ತಾರೆ. ಕತ್ತಿರಿ ಎಂದು ಕರೆಯುವ ಚೆನ್ನೈಯ ಕಡುಬಿಸಿಲು ಗೊತ್ತಿರುವ ನಾನೂ ಅದನ್ನು ತಳ್ಳಿಹಾಕಲಾರೆ. ಆದರೆ ಇಲ್ಲಿಂದ ವಿಮಾನದಲ್ಲಿ ಒಂದೂವರೆ ಗಂಟೆಯೊಳಗೆ ಮುಟ್ಟುವ ಕೊಲಂಬೊದಲ್ಲಿ ಬಿಸಿಲಿಲ್ಲವೇ? ಅಲ್ಲಿ ರಗ್ಬಿ ಇಂದಿಗೂ ಮನೆಮಾತು. ಉತ್ತರ ಇರುವುದು ಅದೇ ದೇಶದ ಕ್ಯಾಂಡಿಯಲ್ಲಿ. 1906ರಲ್ಲಿ ಅಲ್ಲಿನ ಕಿಂಗ್ಸ್‌ವುಡ್ ಮತ್ತು ಟ್ರಿನಿಟಿ ಎಂಬ ಎರಡು ಶಾಲೆಗಳು ಪರಸ್ಪರ ಪಂದ್ಯ ಆಡಿದವು. 1945ರಿಂದ ಕೊಲಂಬೊದ ರಾಯಲ್ ಕಾಲೇಜು ಮತ್ತು ಟ್ರಿನಿಟಿ ನಡುವೆ ಬ್ರ್ಯಾಡ್ಬಿ ಶೀಲ್ಡ್. ಇವತ್ತೂ ಆ ಪಂದ್ಯಕ್ಕೆ ಹಳೆಯ ವಿದ್ಯಾರ್ಥಿಗಳು ಸಂಸಾರ ಸಮೇತ ಬರುತ್ತಾರೆ. ಅಲ್ಲಿ ಆಟ ತೋಟದ ದೊರೆಗಳ ಕ್ಲಬ್ಬಿನಿಂದ ಶಾಲೆಯ ಅಂಗಳಕ್ಕೆ ಇಳಿಯಿತು. ಮದ್ರಾಸಿನಲ್ಲಿ ಕ್ಲಬ್ಬಿನ ಬೇಲಿಯೊಳಗೇ ಉಳಿಯಿತು. ದೊರೆಗಳು ಹಡಗು ಹತ್ತಿದಾಗ ಅಲ್ಲಿ ಆಡಲು ಹುಡುಗರಿದ್ದರು, ಇಲ್ಲಿ ಇರಲಿಲ್ಲ.

ಸ್ವಾತಂತ್ರ್ಯಾನಂತರ ದೇಶದ ರಗ್ಬಿಯನ್ನು ಬದುಕಿಸಿಟ್ಟದ್ದು ಮುಖ್ಯವಾಗಿ ಬಾಂಬೆ ಜಿಮ್ಖಾನಾ ಮತ್ತು ಕಲ್ಕತ್ತೆಯ ಕ್ಲಬ್ಬುಗಳು. ಬಹುಕಾಲ ಅದು ಕೆಲವೇ ಮನೆತನಗಳ, ಕೆಲವೇ ಶಾಲೆಗಳ ಹುಡುಗರ ಆಟ. 1998ರಲ್ಲಿ ಭಾರತೀಯ ರಗ್ಬಿ ಫುಟ್‌ಬಾಲ್ ಯೂನಿಯನ್ ರೂಪುಗೊಂಡಿತು, ಅದೇ ವರ್ಷ ಭಾರತ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿತು. ನಟ ರಾಹುಲ್ ಬೋಸ್ ಸಿನೆಮಾದವರು ಎಂದೇ ನಮಗೆ ಗೊತ್ತು. ಆ ದಿನಗಳಲ್ಲಿ ಅವರು ಭಾರತದ ಜರ್ಸಿ ತೊಟ್ಟ ಆಟಗಾರ, ಮುಂದೆ ಇದೇ ಸಂಸ್ಥೆಯ ಅಧ್ಯಕ್ಷರೂ ಆದರು.

ಆ ಕಾಲಘಟ್ಟದಲ್ಲೇ ಚೆನ್ನೈಯಲ್ಲಿ ಆಟ ಮತ್ತೆ ತಲೆಯೆತ್ತಿತು. ಚೆನ್ನೈ ಚೀತಾಸ್ ಎಂಬ ಕ್ಲಬ್ಬು ಅಖಿಲ ಭಾರತ ಪಂದ್ಯಾವಳಿಗಳಲ್ಲಿ ಮುಂಬೈ, ಕೋಲ್ಕತ್ತಾದ ಹಳೆಯ ಕ್ಲಬ್ಬುಗಳಿಗೆ ಸಮನಾಗಿ ನಿಂತಿತು. ಬೆಂಗಳೂರಿನಲ್ಲೂ ಬೆಂಗಳೂರು ರಗ್ಬಿ ಫುಟ್‌ಬಾಲ್ ಕ್ಲಬ್ ಹುಟ್ಟಿಕೊಂಡಿತು. ದಕ್ಷಿಣದ ಈ ಹೊಸ ಕ್ಲಬ್ಬುಗಳಿಗೆ ಜಿಮ್ಖಾನಾಗಳ ಹಾಗೆ ಸ್ವಂತ ಹುಲ್ಲುಹಾಸು, ಪೆವಿಲಿಯನ್, ಸದಸ್ಯತ್ವದ ಹಣ ಇಲ್ಲ. ಇರುವುದು ಒಂದಿಷ್ಟು ಚೆಂಡು, ಕೋನ್, ಟ್ಯಾಕಲ್ ಬ್ಯಾಗು, ಆಟಗಾರರ ವಾಟ್ಸ್ಆಪ್ ಗುಂಪು. ಮೈದಾನ ಬಾಡಿಗೆಯದು, ಇಲ್ಲವೇ ಯಾವುದೋ ಶಾಲೆ ಕಾಲೇಜಿನ ಕೃಪೆಯದು. ಫುಟ್‌ಬಾಲಿನವರು ಎದ್ದ ಮೇಲೆ ಇವರಿಗೆ, ಕ್ರಿಕೆಟ್‌ನವರು ಪಿಚ್ ಬಿಟ್ಟುಕೊಟ್ಟರೆ ಇವರಿಗೆ.

ಕ್ರಿಕೆಟ್‌ನವರು ಪಿಚ್ ಬಿಟ್ಟುಕೊಡುವುದಿಲ್ಲ. ಅವರನ್ನು ದೂರುವಂತೆಯೂ ಇಲ್ಲ. ಸ್ಕ್ರಮ್ ಒಂದು ಸಲ ನಡೆದರೆ ಹದಿನಾರು ಜನರ ಸ್ಟಡ್‌ಗಳು ನೆಲವನ್ನು ಉತ್ತುಬಿಡುತ್ತವೆ. ಆದ್ದರಿಂದ ರಗ್ಬಿಗೆ ಮೈದಾನ ಕೊಡಲು ಎಲ್ಲರೂ ಹಿಂಜರಿಯುತ್ತಾರೆ. ಚೆನ್ನೈಯಲ್ಲಿ ಇನ್ನೊಂದು ತೊಂದರೆ ಋತುಮಾನದ್ದು. ಏಪ್ರಿಲ್‌ನಿಂದ ನೆಲ ಕಲ್ಲಿನ ಹಾಗೆ ಬಿರಿದಿರುತ್ತದೆ, ಬಿದ್ದರೆ ಮೊಣಕೈ ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ಅಕ್ಟೋಬರ್‌ನಲ್ಲಿ ಹಿಂಗಾರು ಬಂದರೆ ನೆಲ ಮೆತ್ತಗಾಗುತ್ತದೆ, ಆಟಕ್ಕೆ ಹೇಳಿ ಮಾಡಿಸಿದ ಹಾಗೆ. ಆದರೆ ಡಿಸೆಂಬರ್ ಹೊತ್ತಿಗೆ ನೀರು ನಿಂತು ಗೇಟಿಗೆ ಬೀಗ ಬೀಳುತ್ತದೆ. ನಡುವೆ ಸಿಕ್ಕ ವಾರಗಳನ್ನು ಹಿಡಿದುಕೊಳ್ಳಬೇಕು. ಟ್ಯಾಕಲ್ ಕಲಿಯುವುದಕ್ಕೆ ಮಾತ್ರ ಇಲ್ಲಿನವರಿಗೆ ಬೆಂಗಳೂರಿನವರಿಗಿಲ್ಲದ ಭಾಗ್ಯವೊಂದಿದೆ, ಕಡಲ ಮರಳು. ಬೀಳುವ ಭಯ ಮರಳಿನ ಮೇಲೆ ಅರ್ಧ ಕಡಿಮೆ.

ಆಡುವವರೂ ಬದಲಾಗಿದ್ದಾರೆ, ಇಡೀ ದೇಶದಲ್ಲೇ. ಕ್ಲಬ್ಬುಗಳಲ್ಲಿ ಮೊದಲು ಕಾಣುತ್ತಿದ್ದವರು ಬೋರ್ಡಿಂಗ್ ಶಾಲೆಯ ಹಳಬರು ಮತ್ತು ಕೆಲಸದ ಮೇಲೆ ಬಂದಿದ್ದ ವಿದೇಶಿಯರು. ಈಗ ಸೇನೆಯ ತಂಡಗಳು ಬಲಿಷ್ಠ, ಪೊಲೀಸರ ತಂಡಗಳಿವೆ. ಕೋಲ್ಕತ್ತಾದ ಮೈದಾನಿನಲ್ಲಿ ಜಂಗಲ್ ಕ್ರೋಸ್ ಎಂಬ ಕ್ಲಬ್ಬು ಬೀದಿಬದಿಯ, ಬಡಾವಣೆಗಳ ಮಕ್ಕಳನ್ನು ಕಲೆಹಾಕಿ ಬೆಳೆಸಿತು. ಭುವನೇಶ್ವರದ ಕಳಿಂಗ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್‌ನ ಆದಿವಾಸಿ ಹುಡುಗರು 2007ರಲ್ಲಿ ಲಂಡನ್ನಿಗೆ ಹೋಗಿ 14 ವರ್ಷದೊಳಗಿನ ಶಾಲಾ ಪಂದ್ಯಾವಳಿ ಗೆದ್ದು ಬಂದರು. ಹೋಗುವ ಮುಂಚೆ ಆ ಹುಡುಗರಿಗೆ ಕಾಲಿಗೆ ಬೂಟು ಹಾಕಿ ಅಭ್ಯಾಸವೂ ಸರಿಯಾಗಿರಲಿಲ್ಲ. ಕ್ಯಾಂಡಿಯಲ್ಲಿ ನಡೆದದ್ದು ನೂರು ವರ್ಷ ತಡವಾಗಿ ಒಡಿಶಾದಲ್ಲಿ ನಡೆಯಿತು ಎನ್ನಬಹುದು.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕು. 15 ಜನರ ರಗ್ಬಿಯಲ್ಲಿ ಭಾರತದ ಮಹಿಳೆಯರು ಮೊದಲ ಸಲ ಕಣಕ್ಕಿಳಿದದ್ದು 2018ರಲ್ಲಿ. ಮರುವರ್ಷ ಮನಿಲಾದಲ್ಲಿ ಸಿಂಗಪುರವನ್ನು 21–19ರಿಂದ ಸೋಲಿಸಿದರು. ಆ ರೂಪದ ಆಟದಲ್ಲಿ ಭಾರತದ ಹೆಣ್ಣುಮಕ್ಕಳಿಗೆ ಅದು ಮೊದಲ ಗೆಲುವು. ನಾಯಕಿ ಪುಣೆಯ ವಹ್ಬಿಜ್ ಭರೂಚಾ. ಕೊನೆಯ ನಿಮಿಷಗಳಲ್ಲಿ ಪೆನಾಲ್ಟಿ ಒದ್ದು ಗೆಲುವಿನ ಅಂಕ ತಂದವಳು ಒಡಿಶಾದ ಸುಮಿತ್ರಾ ನಾಯಕ್. ನನ್ನ ಅನುಭವದಲ್ಲಿ ಹುಡುಗಿಯರಿಗೆ ಟ್ಯಾಕಲ್ ಕಲಿಸುವುದು ಸುಲಭ. ತಲೆ ಎಲ್ಲಿಡಬೇಕು ಎಂದರೆ ಅಲ್ಲಿಡುತ್ತಾರೆ. ಹುಡುಗರು ಮೊದಲ ದಿನವೇ ಟಿವಿಯಲ್ಲಿ ನೋಡಿದ್ದನ್ನು ಮಾಡಲು ಹೋಗುತ್ತಾರೆ. ಕಷ್ಟವಾಗುವುದು ಹುಡುಗಿಯರ ತಾಯಂದಿರನ್ನು ಒಪ್ಪಿಸುವುದು, ಅದರಲ್ಲೂ ‘ಮುಖಕ್ಕೆ ಪೆಟ್ಟಾದರೆ ಮದುವೆ ಹೇಗೆ’ ಎನ್ನುವ ಅಜ್ಜಿಯರನ್ನು. ಅವರ ಮುಂದೆ ಹಲ್ಲಿನ ಗಾರ್ಡ್ ತೆಗೆದು ತೋರಿಸಿ ವಿವರಿಸುತ್ತೇನೆ. ಕೆಲವರು ಒಪ್ಪುತ್ತಾರೆ.

ಇಷ್ಟೆಲ್ಲ ಆದ ಮೇಲೆ ಬಂತು ಪ್ರೀಮಿಯರ್ ಲೀಗ್. ಚೆನ್ನೈ ಬುಲ್ಸ್‌ನ ಕೋಚ್ ಬೆನ್ ಗೊಲಿಂಗ್ಸ್, ಇಂಗ್ಲೆಂಡ್ ಸೆವೆನ್ಸ್ ತಂಡದಲ್ಲಿ ಅಂಕಗಳ ರಾಶಿ ಹಾಕಿದವರು, ಆಮೇಲೆ ಫಿಜಿಗೂ ಕೋಚ್ ಆಗಿದ್ದವರು. ಐರ್ಲೆಂಡಿನ ಟೆರಿ ಕೆನಡಿಯಂಥ ವಿಶ್ವದರ್ಜೆಯ ಆಟಗಾರರ ಪಕ್ಕದಲ್ಲಿ ಭಾರತದ ಹುಡುಗರು ಓಡಿದರು. ನಮ್ಮ ಆಟಗಾರರಿಗೆ ಅದರಿಂದ ಸಿಕ್ಕ ಪಾಠ ದೊಡ್ಡದು. ಅಂಥವರ ಪಕ್ಕ ನಿಂತು ಪಾಸ್ ಪಡೆಯುವುದೆಂದರೆ ಯಾವ ಶಿಬಿರದಲ್ಲೂ ಸಿಗದ ಕಲಿಕೆ. ದುಡ್ಡೂ ಸಿಕ್ಕಿತು, ಈ ಆಟಕ್ಕೆ ಅದು ಹೊಸದು. ಜಲ್ಲಿಕಟ್ಟಿನ ನಾಡಿಗೆ ಗೂಳಿಯ ಹೆಸರು ಇಟ್ಟದ್ದೂ ಜಾಣತನವೇ. ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ಹೆಸರಿನಲ್ಲಿ ನಮ್ಮವರ ತಂಡವೂ ಇತ್ತು.

ಆದರೆ ಕ್ಲಬ್ಬಿನ ಲೆಕ್ಕದಲ್ಲಿ ನೋಡಿ. ಎರಡು ವಾರದ ಪಂದ್ಯಾವಳಿ ಮುಗಿಯಿತು, ವಿದೇಶಿಯರು ಊರಿಗೆ ಹೋದರು, ಭಾರತದವರು ತಮ್ಮ ತಮ್ಮ ಸೇನೆ, ಪೊಲೀಸ್, ಕಾಲೇಜು ತಂಡಗಳಿಗೆ ಮರಳಿದರು. ಟಿವಿಯಲ್ಲಿ ಪಂದ್ಯ ನೋಡಿದ ಚೆನ್ನೈಯ ಹನ್ನೆರಡು ವರ್ಷದ ಹುಡುಗ ‘ನಾನೂ ಆಡಬೇಕು’ ಎಂದರೆ ಅವನನ್ನು ಬುಲ್ಸ್ ಬಳಿ ಕಳಿಸಲಾಗದು. ಬುಲ್ಸ್‌ಗೆ ಇಲ್ಲಿ ಮೈದಾನವಿಲ್ಲ, ಕಿರಿಯರ ತಂಡವಿಲ್ಲ. ಅವನನ್ನು ಕಳಿಸಬೇಕಾದದ್ದು ಬಾಡಿಗೆ ಮೈದಾನದಲ್ಲಿ ಫುಟ್‌ಬಾಲಿನವರು ಎದ್ದು ಹೋಗುವುದನ್ನು ಕಾಯುತ್ತಾ ನಿಂತಿರುವ ಸ್ಥಳೀಯ ಕ್ಲಬ್ಬಿಗೇ. ಲೀಗಿನ ಹಣದಲ್ಲಿ ಒಂದು ಪಾಲು ಆ ಮೈದಾನದ ಬಾಡಿಗೆಗೆ ಹೋದರೆ ಲೀಗ್ ಸಾರ್ಥಕ. ಇಲ್ಲದಿದ್ದರೆ ಕಲ್ಕತ್ತೆಯಂತೆ ಇಲ್ಲೂ ಉಳಿಯುವುದು ಕಪ್ ಒಂದೇ ಆದೀತು.

ಕ್ಲಬ್ಬಿಗೆ ಹೋದರೆ ಏನು ಕಾಣುತ್ತದೆ? ಮೊದಲು ಕಾಣುವುದು ದೇಹಗಳ ತರಹೇವಾರಿ. ಬೇರೆ ಆಟಗಳಲ್ಲಿ ಕೋಚ್ ಒಂದೇ ಮೈಕಟ್ಟನ್ನು ಹುಡುಕುತ್ತಾರೆ. 15ರ ರಗ್ಬಿಯಲ್ಲಿ ಎಲ್ಲ ಬಗೆಯವರಿಗೂ ಕೆಲಸವಿದೆ. ಸ್ಕ್ರಮ್‌ನ ಮುಂದಿನ ಸಾಲಿನ ಪ್ರಾಪ್ ಕುಳ್ಳಗೆ ದಪ್ಪಗೆ ಇದ್ದರೇ ಅನುಕೂಲ. ಲಾಕ್ ಎತ್ತರದವನು, ಲೈನ್‌ಔಟ್‌ನಲ್ಲಿ ಮೇಲೆತ್ತುವುದು ಅವನನ್ನೇ. ಸ್ಕ್ರಮ್ ಹಾಫ್ ಸಣ್ಣ ಆಳು, ಬಾಯಿ ಜೋರು. ಫ್ಲೈ ಹಾಫ್ ತಂಡದ ಮಿದುಳು, ಒದೆಯಬೇಕೋ ಓಡಬೇಕೋ ಪಾಸ್ ಕೊಡಬೇಕೋ ಎಂದು ಕ್ಷಣದಲ್ಲಿ ತೀರ್ಮಾನಿಸುವವನು. ವಿಂಗ್‌ನಲ್ಲಿ ಓಟಗಾರರು. ನಮ್ಮ ಶಾಲೆಗಳಲ್ಲಿ ಯಾವ ಆಟಕ್ಕೂ ಕರೆಯದೆ ಬೆಂಚಿನ ಮೇಲೆ ಕೂರಿಸಿದ ಭಾರಿ ಮೈಯ ಹುಡುಗನನ್ನು ಕೋಚ್ ಒಬ್ಬರು ‘ನೀನಿಲ್ಲದೆ ಸ್ಕ್ರಮ್ ನಿಲ್ಲುವುದಿಲ್ಲ’ ಎಂದು ಕರೆದಾಗ ಅವನ ಮುಖ ನೋಡಬೇಕು. ಎಲ್ಲ ಕಡೆ ಸೆವೆನ್ಸ್‌ಗೇ ಒತ್ತು ಕೊಡುವುದರ ಬಗ್ಗೆ ನನ್ನ ತಕರಾರು ಇರುವುದೂ ಇಲ್ಲೇ. ಏಳು ಜನರ ಆಟದಲ್ಲಿ ಓಡಬಲ್ಲವರಿಗೆ ಮಾತ್ರ ಜಾಗ. ಈ ಹುಡುಗ ಮತ್ತೆ ಬೆಂಚಿಗೆ.

ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಎದುರುಬದುರು ಸಾಲು ನಿಂತು, ನಡುವೆ ದಾರಿ ಬಿಟ್ಟು, ಚಪ್ಪಾಳೆ ತಟ್ಟಿ ಒಬ್ಬರನ್ನೊಬ್ಬರು ಕಳಿಸಿಕೊಡುತ್ತಾರೆ. ಆಮೇಲೆ ಒಟ್ಟಿಗೆ ಊಟ. ಬ್ರಿಟಿಷರ ಕಾಲದಲ್ಲಿ ಇದು ಬಾರಿನಲ್ಲಿ ನಡೆಯುತ್ತಿತ್ತು, ಈಗ ಪರೋಟಾ ಅಂಗಡಿಯಲ್ಲಿ ನಡೆದರೂ ಆಟಕ್ಕೆ ಕೊರತೆಯಿಲ್ಲ. ಅರ್ಧ ಗಂಟೆ ಹಿಂದೆ ನಿಮ್ಮನ್ನು ನೆಲಕ್ಕೆ ಕೆಡವಿದವನು ನಿಮ್ಮ ಎಲೆಗೆ ಸಾಲ್ನಾ ಬಡಿಸುತ್ತಿರುತ್ತಾನೆ.

ಮಗುವನ್ನು ಸೇರಿಸಬೇಕೆಂದಿದ್ದರೆ ಕೆಲವು ಮಾತು. ಚಿಕ್ಕವರಿಗೆ ನೇರ ಟ್ಯಾಕಲ್ ಆಟ ಬೇಡ. ಸೊಂಟದ ಪಟ್ಟಿಗೆ ರಿಬ್ಬನ್ ಸಿಕ್ಕಿಸಿಕೊಂಡು ಆಡುವ ಟ್ಯಾಗ್ ರಗ್ಬಿಯಿಂದ ಶುರುಮಾಡಲಿ. ರಿಬ್ಬನ್ ಕಿತ್ತರೆ ಟ್ಯಾಕಲ್ ಆದಂತೆ. ಓಟ, ಪಾಸ್, ಜಾಗ ಹುಡುಕುವುದು ಎಲ್ಲ ಅದರಲ್ಲೇ ಬರುತ್ತದೆ. ಮೊದಲ ತಿಂಗಳಿಗೆ ಹಳೆಯ ಫುಟ್‌ಬಾಲ್ ಬೂಟೇ ಸಾಕು, ದುಬಾರಿ ಜರ್ಸಿ ಕೊಳ್ಳಬೇಡಿ. ಹಲ್ಲಿನ ಗಾರ್ಡ್‌ನಲ್ಲಿ ಮಾತ್ರ ಜಿಪುಣತನ ಬೇಡ, ಬಿಸಿನೀರಿನಲ್ಲಿ ಅದ್ದಿ ಬಾಯಿಗೆ ತಕ್ಕಂತೆ ಕಚ್ಚಿ ಹೊಂದಿಸಿಕೊಳ್ಳುವಂಥದ್ದು ತನ್ನಿ. ಚೆನ್ನೈಯ ಸೆಕೆಗೆ ನೀರಿನ ಬಾಟಲಿ ಒಂದಲ್ಲ, ಎರಡು.

ಸೇರಿಸುವ ಮೊದಲು ಕೋಚ್ ಹತ್ತಿರ ಒಂದು ಪ್ರಶ್ನೆ ಕೇಳಿ: ಆಟದಲ್ಲಿ ಮಗುವಿನ ತಲೆಗೆ ಪೆಟ್ಟು ಬಿದ್ದರೆ ಏನು ಮಾಡುತ್ತೀರಿ? ‘ತಕ್ಷಣ ಹೊರಗೆ ಕರೆಯುತ್ತೇವೆ, ಆ ದಿನ ಮತ್ತೆ ಆಡಿಸುವುದಿಲ್ಲ, ಡಾಕ್ಟರಿಗೆ ತೋರಿಸಿ ಅವರು ಹೇಳಿದ ಮೇಲೆಯೇ ವಾಪಸ್’ ಎಂದು ತಡವರಿಸದೆ ಉತ್ತರ ಬಂದರೆ ನಿಶ್ಚಿಂತೆಯಿಂದ ಹೆಸರು ಬರೆಸಿ. ‘ಅದೆಲ್ಲ ಏನೂ ಆಗಲ್ಲ ಸಾರ್, ಗಟ್ಟಿಯಾಗ್ತಾನೆ’ ಎಂದು ನಕ್ಕರೆ, ಚೆನ್ನೈಯಲ್ಲಿ ಇನ್ನೊಂದು ಕ್ಲಬ್ಬು ಇದೆ, ಅಲ್ಲಿಗೆ ಹೋಗಿ.